ಮನಸ್ಸಿನಲ್ಲೇ ಆಕಾರ ತಿರುಗಿಸೋದು: ಹುಟ್ಟಿನಿಂದ ಬರೋದಾ, ಅಭ್ಯಾಸದಿಂದ ಬರೋದಾ?

ಗೆರೆಗಾರ

ಮೊದಲ ವರ್ಷದ ಇಂಜಿನಿಯರಿಂಗ್ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಸ್ಟಾಫ್ ರೂಮಿನಲ್ಲಿ ಒಂದು ವಿಷಯಕ್ಕೆ ಪದೇ ಪದೇ ವಾದ ನಡೆಯುತ್ತದೆ. ಗೊತ್ತಿದ್ದವರು ಇಲ್ಲಿ ಇರಬಹುದು ಅಂತ ಕೇಳುತ್ತಿದ್ದೇನೆ.

ಒಂದು ಬ್ಲಾಕಿನ ಐಸೊಮೆಟ್ರಿಕ್ ಚಿತ್ರ (ಮೂರು ಮುಖ ಒಟ್ಟಿಗೆ ಕಾಣುವಂತೆ ಓರೆಯಾಗಿ ಬಿಡಿಸಿದ್ದು) ಕೊಟ್ಟು, ಮುಂದಿನಿಂದ, ಮೇಲಿನಿಂದ, ಪಕ್ಕದಿಂದ ನೋಡಿದರೆ ಹೇಗೆ ಕಾಣುತ್ತದೋ ಬಿಡಿಸಿ ಅನ್ನುತ್ತೇನೆ. ಶುರುವಿನಲ್ಲಿ ತಡಬಡಾಯಿಸುವವರಲ್ಲಿ ಹುಡುಗಿಯರು ಜಾಸ್ತಿ. ಹುಡುಗರೂ ಇರುತ್ತಾರೆ, ಆದರೆ ಕಡಿಮೆ. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹೆಸರು ಮುಚ್ಚಿಟ್ಟು ಹಾಳೆ ನೋಡಿದರೆ ಹುಡುಗನದ್ದೋ ಹುಡುಗಿಯದ್ದೋ ಹೇಳಲಿಕ್ಕಾಗುವುದಿಲ್ಲ. ಸಹೋದ್ಯೋಗಿಯೊಬ್ಬರು ಮಾತ್ರ "ಅದು ಹುಟ್ಟುಗುಣ, ಮೆದುಳೇ ಬೇರೆ" ಅನ್ನುತ್ತಾರೆ. ಹಾಗಿದ್ದರೆ ಕೊನೆಯಲ್ಲಿ ವ್ಯತ್ಯಾಸ ಎಲ್ಲಿ ಹೋಯಿತು? ಅಥವಾ ನನ್ನ ಪರೀಕ್ಷೆಯೇ ತೀರಾ ಸುಲಭವಾ?

ದಾರಿತಪ್ಪಿದವ

ನನ್ನನ್ನು ಈ ಪರೀಕ್ಷೆಗೆ ಕೂರಿಸಿದರೆ ಗಂಡಸರ ಸರಾಸರಿ ನನ್ನೊಬ್ಬನಿಂದಲೇ ಕುಸಿಯುತ್ತದೆ. ಲಿಫ್ಟಿನಿಂದ ಹೊರಗೆ ಬಂದರೆ ಎಡಕ್ಕಾ ಬಲಕ್ಕಾ ಗೊತ್ತಾಗಲ್ಲ. ನೀವು ಮುಂದುವರಿಸಿ.

ನೀಲಿಪೆನ್ಸಿಲ್

ಸರ್, ನಿಮ್ಮ ಸ್ಟಾಫ್ ರೂಮಿನ ವಾದದಲ್ಲಿ ಎರಡು ಪ್ರಶ್ನೆಗಳು ಕಲಸಿಕೊಂಡಿವೆ. ವ್ಯತ್ಯಾಸ ಇದೆಯಾ ಅನ್ನೋದು ಒಂದು. ಇದ್ದರೆ ಅದು ಬದಲಾಗುತ್ತದಾ ಅನ್ನೋದು ಇನ್ನೊಂದು. ನಾನು ಇದೇ ವಿಷಯ ಓದುತ್ತಿರುವವಳು, ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್‌ಲರ್ ಒಂದು ಪ್ರಯೋಗ ಮಾಡಿದರು. ಸಣ್ಣ ಘನಗಳನ್ನು ಜೋಡಿಸಿದಂತಿರುವ ಆಕೃತಿಗಳ ಎರಡು ಚಿತ್ರ ತೋರಿಸಿ, ಎರಡೂ ಒಂದೇ ಆಕೃತಿಯಾ, ಅಲ್ಲ ಒಂದು ಇನ್ನೊಂದರ ಕನ್ನಡಿ ಬಿಂಬವಾ ಅಂತ ಕೇಳಿದರು. ಎರಡು ಚಿತ್ರಗಳ ನಡುವಿನ ಕೋನ ಹೆಚ್ಚಾದಷ್ಟೂ ಉತ್ತರ ಹೇಳಲು ಬೇಕಾದ ಸಮಯ ಅದೇ ಅಳತೆಯಲ್ಲಿ ಏರುತ್ತಾ ಹೋಯಿತು. ಜನ ತಲೆಯೊಳಗೆ ಆಕೃತಿಯನ್ನು ನಿಜಕ್ಕೂ ತಿರುಗಿಸಿ ನೋಡುತ್ತಾರೆ ಅನ್ನುವುದಕ್ಕೆ ಅದು ಒಳ್ಳೆಯ ಸುಳಿವು. 1978ರಲ್ಲಿ ವ್ಯಾಂಡೆನ್‌ಬರ್ಗ್ ಮತ್ತು ಕ್ಯೂಸ್ ಇದನ್ನೇ ಕಾಗದದ ಮೇಲಿನ ಪರೀಕ್ಷೆಯಾಗಿ ಮಾಡಿದರು. ಗಂಡು ಹೆಣ್ಣಿನ ವ್ಯತ್ಯಾಸದ ಬಗ್ಗೆ ನೀವು ಕೇಳುವ ಸುದ್ದಿಯಲ್ಲಿ ಬಹುಪಾಲು ಈ ಒಂದು ಬಗೆಯ ಪರೀಕ್ಷೆಯಿಂದಲೇ ಬಂದದ್ದು.

1985ರಲ್ಲಿ ಲಿನ್ ಮತ್ತು ಪೀಟರ್ಸನ್ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ, ಆಕಾರ ತಿರುಗಿಸುವುದರಲ್ಲಿ ಗಂಡಸರ ಸರಾಸರಿ ಸಾಕಷ್ಟು ಮುಂದಿತ್ತು. ಆದರೆ ಕಾಗದ ಮಡಚಿ ತೂತು ಮಾಡಿದರೆ ಬಿಚ್ಚಿದಾಗ ತೂತು ಎಲ್ಲೆಲ್ಲಿ ಇರುತ್ತದೆ ಅನ್ನುವಂಥ, ಹಂತ ಹಂತವಾಗಿ ಯೋಚಿಸಬೇಕಾದ ಲೆಕ್ಕಗಳಲ್ಲಿ ವ್ಯತ್ಯಾಸ ತೀರಾ ಸಣ್ಣದು. ಯಾವ ವಸ್ತು ಎಲ್ಲಿತ್ತು, ಯಾವುದು ಜಾಗ ಬದಲಿಸಿದೆ ಅಂತ ನೆನಪಿಡುವುದರಲ್ಲಿ ಹೆಂಗಸರೇ ಮುಂದೆ ಅಂತ ಸಿಲ್ವರ್‌ಮನ್ ಮತ್ತು ಈಲ್ಸ್ 1992ರಲ್ಲಿ ತೋರಿಸಿದರು. "ಹೆಂಗಸರಿಗೆ ಜಾಗದ ಅಂದಾಜು ಕಡಿಮೆ" ಅನ್ನೋ ಒಟ್ಟು ಮಾತಿಗೆ ಇಲ್ಲೇ ಬುಡ ಅಲ್ಲಾಡುತ್ತದೆ.

ಯಾಕಂತೆ

ಅಂದರೆ ಆಕಾರ ತಿರುಗಿಸುವುದರಲ್ಲಿ ವ್ಯತ್ಯಾಸ ಇದೆ ಅಂತ ನೀವೇ ಒಪ್ಪಿದಿರಿ. ಡ್ರಾಯಿಂಗ್‌ಗೆ ಬೇಕಾದದ್ದೂ ಅದೇ ತಾನೇ? ಸರ್ ಅವರ ಸಹೋದ್ಯೋಗಿ ಹೇಳಿದ್ದರಲ್ಲಿ ತಪ್ಪೇನು?

ನೀಲಿಪೆನ್ಸಿಲ್

ವ್ಯತ್ಯಾಸ ಇದೆ. ಎಷ್ಟು ಅನ್ನೋದನ್ನು ನೋಡೋಣ. ಇಂಥ ಅಧ್ಯಯನಗಳಲ್ಲಿ ವ್ಯತ್ಯಾಸವನ್ನು ಅಂಕಗಳ ಹರಡುವಿಕೆಗೆ ಹೋಲಿಸಿ ಒಂದು ಸಂಖ್ಯೆಯಲ್ಲಿ ಹೇಳುತ್ತಾರೆ. ಆಕಾರ ತಿರುಗಿಸುವ ಪರೀಕ್ಷೆಗಳಲ್ಲಿ ಅದು ಸುಮಾರು 0.6 ಅಂದುಕೊಳ್ಳಿ. ಗುಂಪಿನಿಂದ ಕಣ್ಣುಮುಚ್ಚಿ ಒಬ್ಬ ಹುಡುಗ, ಒಬ್ಬಳು ಹುಡುಗಿಯನ್ನು ಆರಿಸಿ ಕೂರಿಸಿದರೆ, ಇಂಥ 100 ಜೋಡಿಗಳಲ್ಲಿ 66ರಲ್ಲಿ ಹುಡುಗ ಮುಂದೆ, 34ರಲ್ಲಿ ಹುಡುಗಿ ಮುಂದೆ. ಮೂರು ಜೋಡಿಗೆ ಒಂದರಲ್ಲಿ ಹುಡುಗಿಯೇ ಗೆಲ್ಲುತ್ತಾಳೆ. ಅಂಕ ನೋಡಿ ಹುಡುಗನಾ ಹುಡುಗಿಯಾ ಅಂತ ಊಹಿಸಲು ಹೊರಟರೆ ಮತ್ತೆ ಮತ್ತೆ ಎಡವುತ್ತೀರಿ.

ಇನ್ನೊಂದು ಮಾತು. ಆ ಕಾಗದದ ಪರೀಕ್ಷೆಯಲ್ಲಿ ಪ್ರತಿ ಪ್ರಶ್ನೆಗೆ ನಾಲ್ಕು ಆಯ್ಕೆ, ಅದರಲ್ಲಿ ಎರಡು ಸರಿ. ಮಾಮೂಲಿ ಲೆಕ್ಕದಲ್ಲಿ ಎರಡನ್ನೂ ಸರಿಯಾಗಿ ಗುರುತಿಸಿದರಷ್ಟೇ ಅಂಕ. ಸಮಯವೂ ಬಿಗಿ. ಸಮಯದ ಮಿತಿ ಇದ್ದಾಗ ಅಂತರ ದೊಡ್ಡದಾಗುತ್ತದೆ, ಸಡಿಲಿಸಿದರೆ ಕಡಿಮೆಯಾಗುತ್ತದೆ, ಆದರೆ ಪೂರ್ತಿ ಹೋಗುವುದಿಲ್ಲ. ಉತ್ತರ ಸಿಕ್ಕ ಮೇಲೂ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳುವವರಿಗೆ ಈ ಪರೀಕ್ಷೆ ದುಬಾರಿ. ಎಸ್ಟಿಸ್ ಮತ್ತು ಫೆಲ್ಕರ್ 2012ರಲ್ಲಿ ಆತ್ಮವಿಶ್ವಾಸವನ್ನೂ ಲೆಕ್ಕಕ್ಕೆ ತೆಗೆದುಕೊಂಡು ನೋಡಿದಾಗ, ಅಂತರದ ದೊಡ್ಡ ಭಾಗ ಅಲ್ಲೇ ಇತ್ತು.

ಕತ್ತರಿ ಕೈ

ಇದನ್ನು ಓದಿ ನಗು ಬಂತು. ನಾನು ಹೊಲಿಗೆ ಕಲಿಸುತ್ತೇನೆ. ನನ್ನ ಹತ್ತಿರ ಕಲಿಯುವವರಲ್ಲಿ ಹೆಂಗಸರೇ ಜಾಸ್ತಿ. ನೀವು ಹೇಳುವ ಕನ್ನಡಿ ಬಿಂಬದ ಲೆಕ್ಕ ನಮ್ಮಲ್ಲಿ ಮೊದಲ ದಿನಗಳಿಂದಲೇ ಶುರುವಾಗುತ್ತದೆ. ಅದರ ಹೆಸರು ತೋಳು.

ತೋಳಿನ ಮೇಲ್ಭಾಗದ ಬಳುಕು ಎರಡು ಕಡೆಯೂ ಒಂದೇ ಥರ ಇರುವುದಿಲ್ಲ. ಎದೆಯ ಕಡೆ ಕುಳಿ ಜಾಸ್ತಿ, ಬೆನ್ನಿನ ಕಡೆ ಕಡಿಮೆ. ಬಟ್ಟೆಯನ್ನು ಒಂದೇ ಪದರ ಹಾಸಿ, ಪೇಪರ್ ಇಟ್ಟು ಒಂದು ತೋಳು ಕತ್ತರಿಸುತ್ತಾರೆ. ಅದೇ ಪೇಪರನ್ನು ಪಕ್ಕಕ್ಕೆ ಸರಿಸಿ ಇನ್ನೊಂದು ಕತ್ತರಿಸುತ್ತಾರೆ. ಎರಡೂ ಬಲತೋಳು! ಪೇಪರನ್ನು ಮಗುಚಿ ಹಾಕಬೇಕಿತ್ತು. ಕೆಲವರು ಮಗುಚುವ ಬದಲು ತಲೆಕೆಳಗು ತಿರುಗಿಸುತ್ತಾರೆ. ಅದೂ ಬಲತೋಳೇ. ಎಷ್ಟು ಸುತ್ತು ತಿರುಗಿಸಿದರೂ ಬಲ ಎಡ ಆಗುವುದಿಲ್ಲ ಅನ್ನುವುದು ಬಟ್ಟೆ ಹಾಳಾದ ಮೇಲೆಯೇ ತಲೆಗೆ ಹೋಗುವುದು. ಬಟ್ಟೆಯನ್ನು ಹೊರಮೈ ಒಳಗೆ ಬರುವಂತೆ ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಈ ಗೋಳೇ ಇಲ್ಲ. ಆದರೆ ಗೀಟು ಗೀಟಿನ ಬಟ್ಟೆ ಬಂದರೆ ಒಂದೊಂದೇ ಕತ್ತರಿಸಬೇಕಾಗುತ್ತದೆ, ಆಗ ಮತ್ತೆ ತಲೆ ಓಡಿಸಲೇಬೇಕು.

ಸ್ವಲ್ಪ ಕಾಲ ಕಳೆದ ಮೇಲೆ ಇವರೇ ಹಾಸಿದ ಬಟ್ಟೆ ನೋಡಿ, ಎಷ್ಟು ಭಾಗ ಹೇಗೆ ಕೂರಿಸಿದರೆ ಬಟ್ಟೆ ಉಳಿಯುತ್ತದೆ ಅಂತ ಕಣ್ಣಲ್ಲೇ ಹೇಳುತ್ತಾರೆ. ಇದು ಹುಟ್ಟಿನಿಂದ ಬಂದದ್ದಾ?

ಗೆರೆಗಾರ

ಕತ್ತರಿ ಕೈ ಅವರೇ, "ತಿರುಗಿಸಿದರೂ ಬಲ ಎಡ ಆಗುವುದಿಲ್ಲ" ಅನ್ನೋದನ್ನೇ ನಾನು ಬೋರ್ಡಿನ ಮೇಲೆ ಎಷ್ಟೋ ಹೊತ್ತು ಹೇಳುತ್ತೇನೆ. ತೋಳಿನ ಪೇಪರ್ ಕ್ಲಾಸಿಗೆ ತೆಗೆದುಕೊಂಡು ಹೋಗುತ್ತೇನೆ, ಅನುಮತಿ ಇದೆ ತಾನೇ?

ಕತ್ತರಿ ಕೈ

ಧಾರಾಳವಾಗಿ. ಕತ್ತರಿಯನ್ನು ಮಾತ್ರ ಹುಷಾರು.

ಯಾಕಂತೆ

ಹೊಲಿಗೆ ಬೇರೆ, ಪರೀಕ್ಷೆ ಬೇರೆ. ತೋಳು ಕತ್ತರಿಸಲು ಕಲಿತವರು ತೋಳಿನಲ್ಲಿ ನಿಪುಣರಾಗುತ್ತಾರೆ, ಅಷ್ಟೇ. ಅದು ಬೇರೆ ಕೆಲಸಕ್ಕೆ ಹರಿದು ಬರುತ್ತದಾ? ಮತ್ತೆ ಮೂರು ನಾಲ್ಕು ತಿಂಗಳ ಕೂಸುಗಳಲ್ಲೇ ವ್ಯತ್ಯಾಸ ಕಂಡಿದೆ ಅಂತ ಓದಿದ್ದೇನೆ. ಕೂಸು ಎಲ್ಲಿ ಅಭ್ಯಾಸ ಮಾಡಿತು?

ನೀಲಿಪೆನ್ಸಿಲ್

ಕೂಸುಗಳ ಅಧ್ಯಯನ ನಿಜ. 2008ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ, ಒಂದೇ ಪತ್ರಿಕೆಯಲ್ಲಿ ಪ್ರಕಟಿಸಿದವು. ಕೂಸಿಗೆ ಒಂದು ಆಕೃತಿ ತಿರುಗುವುದನ್ನು ತೋರಿಸಿ, ಆಮೇಲೆ ಅದನ್ನೇ ಹೊಸ ಕೋನದಲ್ಲಿ ಮತ್ತು ಅದರ ಕನ್ನಡಿ ಬಿಂಬವನ್ನು ತೋರಿಸುತ್ತಾರೆ. ಯಾವುದನ್ನು ಎಷ್ಟು ಹೊತ್ತು ನೋಡುತ್ತದೆ ಅಂತ ಅಳೆಯುತ್ತಾರೆ. ಗಂಡುಕೂಸುಗಳು ಎರಡರ ನಡುವೆ ವ್ಯತ್ಯಾಸ ಗುರುತಿಸಿದಂತೆ ಕಂಡಿತು, ಹೆಣ್ಣುಕೂಸುಗಳಲ್ಲಿ ಹಾಗೆ ಕಾಣಲಿಲ್ಲ. ಇದನ್ನು ತಳ್ಳಿಹಾಕುವವಳಲ್ಲ ನಾನು. ಆದರೆ ಕೂಸಿನ ನೋಟ ಎಷ್ಟು ಹೊತ್ತು ನಿಂತಿತು ಅನ್ನುವುದರಿಂದ ಹದಿನೆಂಟರ ಹುಡುಗಿಯ ಡ್ರಾಯಿಂಗ್ ಹಾಳೆಯವರೆಗೆ ಒಂದೇ ಗೆರೆ ಎಳೆದರೆ ನಡುವಿನ ಹದಿನೆಂಟು ವರ್ಷ ಎಲ್ಲಿ ಹೋಯಿತು?

ಆ ವರ್ಷಗಳಲ್ಲಿ ಅಂತರ ಬೆಳೆಯುತ್ತದೆ. ಲಾಯರ್ ಮತ್ತು ಸಂಗಡಿಗರು 2019ರಲ್ಲಿ ಮಕ್ಕಳ ಮೇಲಿನ ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಎಳೆಯ ವಯಸ್ಸಿನಲ್ಲಿ ಅಂತರ ಸಣ್ಣದು, ಹದಿಹರೆಯದ ಕಡೆಗೆ ಹೋದಂತೆ ದೊಡ್ಡದು. ಲೆವಿನ್ ಅವರ ತಂಡ 2005ರಲ್ಲಿ ಶಾಲಾ ಮಕ್ಕಳನ್ನು ನೋಡಿದಾಗ, ಮಧ್ಯಮ ವರ್ಗದಲ್ಲೂ ಅನುಕೂಲಸ್ಥರ ಮನೆಗಳಲ್ಲೂ ಹುಡುಗರು ಮುಂದಿದ್ದರು. ಬಡ ಮನೆಗಳ ಮಕ್ಕಳಲ್ಲಿ ಅಂತರವೇ ಕಾಣಲಿಲ್ಲ. ಬರೀ ಹುಟ್ಟಿನ ಮಾತಾಗಿದ್ದರೆ ಹಣಕ್ಕೂ ಇದಕ್ಕೂ ಏನು ಸಂಬಂಧ? ಬ್ಲಾಕ್, ಪಜಲ್ ಥರದ ಆಟಿಕೆಗಳು ಯಾರ ಕೈಗೆ ಸಿಗುತ್ತವೆ ಅನ್ನುವುದು ಒಂದು ಕಾರಣ ಇರಬಹುದು ಅಂತ ಆ ತಂಡದ ಊಹೆ.

ಚೌಕದ ಮಳೆ

ಗೇಮಿಂಗ್ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲವಲ್ಲ! 2007ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಫೆಂಗ್, ಸ್ಪೆನ್ಸ್, ಪ್ರಾಟ್ ಅನ್ನುವವರು ಗೇಮ್ ಆಡದವರನ್ನು ಹಿಡಿದು, ಒಟ್ಟು 10 ಗಂಟೆ ಆಕ್ಷನ್ ಗೇಮ್ ಆಡಿಸಿದರು. ಗಂಡಸರೂ ಸುಧಾರಿಸಿದರು, ಹೆಂಗಸರು ಇನ್ನೂ ಜಾಸ್ತಿ. ನೋಟ ಹರಡಿ ಗುರಿ ಗುರುತಿಸುವ ಪರೀಕ್ಷೆಯಲ್ಲಿ ಅಂತರ ಹೆಚ್ಚುಕಡಿಮೆ ಅಳಿಸಿಹೋಯಿತು, ಆಕಾರ ತಿರುಗಿಸುವುದರಲ್ಲೂ ಕುಗ್ಗಿತು. ಬೇರೆ ಗುಂಪಿಗೆ ನಿಧಾನದ ಪಜಲ್ ಗೇಮ್ ಕೊಟ್ಟಿದ್ದರು. ಅವರಿಗೆ ಏನೂ ಉಪಯೋಗ ಆಗಲಿಲ್ಲ. ಕೆಲವು ತಿಂಗಳ ನಂತರ ಮತ್ತೆ ಕರೆದು ನೋಡಿದಾಗಲೂ ಸುಧಾರಣೆ ಉಳಿದಿತ್ತು.

ನನ್ನ ಅಮ್ಮನಿಗೆ ಇದನ್ನು ತೋರಿಸಿದೆ. "ಓದೋ ಪುಸ್ತಕ ತೆಗಿ" ಅಂದರು.

ಯಾಕಂತೆ

ಎಷ್ಟು ಜನರ ಮೇಲೆ ಮಾಡಿದ್ದು ಅದು? ಒಂದು ಚಿಕ್ಕ ಗುಂಪಿನ ಮೇಲೆ ಮಾಡಿದ್ದನ್ನು ಹಿಡಿದುಕೊಂಡು ಅಂತರವೇ ಅಳಿಯಿತು ಅಂದರೆ ಹೇಗೆ?

ನೀಲಿಪೆನ್ಸಿಲ್

ಯಾಕಂತೆ ಅವರ ಈ ಪ್ರಶ್ನೆ ಸರಿಯಾದದ್ದು. ಗುಂಪು ಚಿಕ್ಕದೇ. ಒಂದು ಅಧ್ಯಯನಕ್ಕೆ ಜೋತುಬೀಳಬಾರದು. ಒಗ್ಗೂಡಿಸಿ ನೋಡಿದ್ದು ಇದೆ. ಡೇವಿಡ್ ಅಟಲ್ ಮತ್ತು ಸಂಗಡಿಗರು 2013ರಲ್ಲಿ ತರಬೇತಿಯ 217 ಅಧ್ಯಯನಗಳನ್ನು ಒಟ್ಟು ಹಾಕಿದರು. ತರಬೇತಿಯಿಂದ ಆದ ಸುಧಾರಣೆ ಸರಾಸರಿ 0.47. ನಾನು ಮೇಲೆ ಹೇಳಿದ 0.6ರ ಪಕ್ಕದಲ್ಲಿ ಇದನ್ನು ಇಟ್ಟು ನೋಡಿ. ಗುಂಪಿನ ಸರಿ ಮಧ್ಯದಲ್ಲಿ ನಿಂತವರು ತರಬೇತಿಯ ನಂತರ 100ರಲ್ಲಿ 68 ಜನರಿಗಿಂತ ಮುಂದೆ ನಿಲ್ಲುತ್ತಾರೆ. ತರಬೇತಿ ಮುಗಿದ ಕೂಡಲೇ ಕರಗುವುದಿಲ್ಲ, ಅಭ್ಯಾಸ ಮಾಡದ ಬೇರೆ ಲೆಕ್ಕಗಳಿಗೂ ಹರಿಯುತ್ತದೆ ಅಂತಲೂ ಅವರು ಕಂಡರು.

ಆದರೆ ಗೆರೆಗಾರ ಸರ್, ನಿಮಗೆ ಇಷ್ಟವಾಗದ ಭಾಗವೂ ಅದರಲ್ಲೇ ಇದೆ. ಗಂಡಸರೂ ಹೆಂಗಸರೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸುಧಾರಿಸುತ್ತಾರೆ. ಇಬ್ಬರಿಗೂ ಸಮಾನ ತರಬೇತಿ ಕೊಟ್ಟರೆ ಇಬ್ಬರೂ ಮೇಲೇರುತ್ತಾರೆ, ನಡುವಿನ ಅಂತರ ಸುಮಾರಾಗಿ ಹಾಗೇ ಉಳಿಯಬಹುದು. ಅಭ್ಯಾಸ ಮಾಡಿದರೆ ಅಂತರ ತಾನಾಗಿ ಮಾಯವಾಗುತ್ತದೆ ಅಂತ ಹೇಳಲು ಆಗುವುದಿಲ್ಲ. ಹೇಳಬಹುದಾದದ್ದು ಏನೆಂದರೆ, ಹಿಂದೆ ಇರುವವರು ಎಲ್ಲಿಯವರೆಗೆ ಬರಬಹುದು ಅನ್ನುವುದನ್ನು ಅವರ ಶುರುವಿನ ಅಂಕ ನಿರ್ಧರಿಸುವುದಿಲ್ಲ.

ಚೌಕದ ಮಳೆ

ನನ್ನ ವಿರುದ್ಧ ನಾನೇ ಒಂದು ಸಾಕ್ಷಿ ಕೊಡುತ್ತೇನೆ. ಮೇಲಿನಿಂದ ಬೀಳುವ ತುಂಡುಗಳನ್ನು ತಿರುಗಿಸಿ ಜೋಡಿಸುವ ಟೆಟ್ರಿಸ್ ಆಟದಲ್ಲಿ ಪಳಗಿದವರನ್ನು ಸಿಮ್ಸ್ ಮತ್ತು ಮೇಯರ್ 2002ರಲ್ಲಿ ಪರೀಕ್ಷಿಸಿದರು. ಟೆಟ್ರಿಸ್‌ನ ಆಕಾರಗಳನ್ನು ಮತ್ತು ಅವನ್ನು ಹೋಲುವ ಆಕಾರಗಳನ್ನು ತಿರುಗಿಸುವುದರಲ್ಲಿ ಮಾತ್ರ ಅವರು ಮುಂದಿದ್ದರು. ಉಳಿದದ್ದರಲ್ಲಿ ಎಲ್ಲರ ಥರ. ಯಾಕಂತೆ ಅವರು ತೋಳಿನ ಬಗ್ಗೆ ಕೇಳಿದ್ದು ಸುಮ್ನೆ ಕೇಳಿದ್ದಲ್ಲ.

ಕತ್ತರಿ ಕೈ

ಆದರೆ ತೋಳು ಒಂದೇ ಆಕಾರ ಅಲ್ಲ. ಕಾಲರ್ ಇದೆ, ಪ್ಯಾಂಟಿನ ಜೇಬಿದೆ, ಒಳಗೆ ಬರುವುದು ಹೊರಗೆ ಬರುವುದು ಎಲ್ಲವೂ ಬೇರೆ ಬೇರೆ. ಏಳು ಆಕಾರ ಮಾತ್ರ ಇರುವ ಆಟದ ಜೊತೆ ನಮ್ಮನ್ನು ಹೋಲಿಸಬೇಡಿ.

ಗೆರೆಗಾರ

ಇಂಜಿನಿಯರಿಂಗ್ ಕಾಲೇಜಿನಲ್ಲಿ ಯಾರಾದರೂ ಇದನ್ನು ಗಂಭೀರವಾಗಿ ಮಾಡಿದ್ದಾರಾ? ಪ್ರಯೋಗಾಲಯದಲ್ಲಲ್ಲ, ನಮ್ಮ ಥರ ಕ್ಲಾಸಿನಲ್ಲಿ.

ನೀಲಿಪೆನ್ಸಿಲ್

ಶೆರಿಲ್ ಸೋರ್ಬಿ ಅನ್ನುವ ಇಂಜಿನಿಯರಿಂಗ್ ಪ್ರಾಧ್ಯಾಪಕಿ ಮಾಡಿದ್ದಾರೆ, ಅಮೆರಿಕದ ಮಿಷಿಗನ್ ಟೆಕ್‌ನಲ್ಲಿ. 1993ರಿಂದ ಶುರು. ಹೊಸದಾಗಿ ಸೇರಿದವರಿಗೆಲ್ಲ 30 ಪ್ರಶ್ನೆಗಳ, ಆಕಾರ ತಿರುಗಿಸುವ ಪರೀಕ್ಷೆ. ಅದರಲ್ಲಿ ಕಡಿಮೆ ಅಂಕ ಬಂದವರಿಗೆ ವಿಶೇಷ ಕೋರ್ಸ್. ಶೇಕಡಾವಾರು ನೋಡಿದರೆ ಕಡಿಮೆ ಅಂಕದವರಲ್ಲಿ ಹುಡುಗಿಯರೇ ಜಾಸ್ತಿ, ನಿಮ್ಮ ಕ್ಲಾಸಿನ ಹಾಗೆಯೇ. ಇವರೆಲ್ಲರ ಹಿನ್ನೆಲೆ ಕೆದಕಿದಾಗ ಎರಡು ಸಂಗತಿ ಎದ್ದು ಕಂಡವು. ಚಿಕ್ಕಂದಿನಲ್ಲಿ ಜೋಡಿಸಿ ಕಟ್ಟುವ ಆಟಿಕೆಗಳ ಜೊತೆ ಆಡಿದ್ದು, ಮೊದಲೇ ಡ್ರಾಯಿಂಗ್ ಕಲಿತಿದ್ದು.

ಕೋರ್ಸ್ ಮುಗಿಸಿದವರ ಸರಾಸರಿ ಅಂಕ ಅರ್ಧದ ಆಸುಪಾಸಿನಿಂದ ಶೇ. 80ರ ಆಸುಪಾಸಿಗೆ ಏರಿತು. ಕೋರ್ಸ್ ಮಾಡಿದ ಹುಡುಗಿಯರು ಇಂಜಿನಿಯರಿಂಗ್ ಬಿಟ್ಟುಹೋಗುವುದೂ ಕಡಿಮೆಯಾಯಿತು. ನಿಮ್ಮ ಕೆಲಸಕ್ಕೆ ಬರುವ ವಿಷಯ ಇದು: ಬರೀ ಕಂಪ್ಯೂಟರ್ ಪರದೆಯಲ್ಲಿ ಆಕಾರ ತಿರುಗಿಸಿ ನೋಡಿದವರಿಗೆ ಅಷ್ಟು ಪ್ರಯೋಜನ ಆಗಲಿಲ್ಲ. ಪೆನ್ಸಿಲ್ ಹಿಡಿದು ಕೈಯಲ್ಲಿ ಬಿಡಿಸಿದವರಿಗೆ ಆಯಿತು.

ಇಲ್ಲಿ ಗಮನಿಸಬೇಕಾದದ್ದು, ಸೋರ್ಬಿ ಹುಡುಗಿಯರಿಗೆ ಅಂತ ಬೇರೆ ಕೋರ್ಸ್ ಮಾಡಲಿಲ್ಲ. ಅಂಕ ಕಡಿಮೆ ಬಂದವರಿಗೆ ಮಾಡಿದರು, ಹುಡುಗನಾಗಲಿ ಹುಡುಗಿಯಾಗಲಿ. ನನಗೆ ಇದು ತುಂಬ ಹಿಡಿಸಿದ ಭಾಗ. ಅಂತರ ಹುಟ್ಟಿನಿಂದ ಎಷ್ಟು, ಬೆಳೆದ ರೀತಿಯಿಂದ ಎಷ್ಟು ಅನ್ನುವ ಜಗಳ ಮುಗಿಯುವವರೆಗೆ ಕಾಯಬೇಕಾದ ಅಗತ್ಯವೇ ಇರಲಿಲ್ಲ.

ಗೆರೆಗಾರ

ಕೈಯಲ್ಲಿ ಬಿಡಿಸಿದವರಿಗೇ ಲಾಭ ಅನ್ನೋದು ನನ್ನ ಅನುಭವಕ್ಕೂ ಹೊಂದುತ್ತದೆ. ಸಾಫ್ಟ್‌ವೇರ್‌ನಲ್ಲಿ ಮೌಸ್ ಎಳೆದರೆ ಬ್ಲಾಕ್ ತಾನೇ ತಿರುಗುತ್ತದೆ. ತಲೆಗೆ ಕೆಲಸವೇ ಇಲ್ಲ.

ನಾನು ಸೋಪಿನ ತುಂಡು ಕೊಡುತ್ತೇನೆ. ಅದನ್ನು ಎಲ್ ಆಕಾರಕ್ಕೆ ಕತ್ತರಿಸಿ, ಮೇಲಿನ ಒಂದು ಅಂಚನ್ನು ಓರೆಯಾಗಿ ಸವರಿ, ಆಮೇಲೆ ಮೂರು ನೋಟ ಬಿಡಿಸಬೇಕು. ಓರೆ ಮುಖ ಮೇಲಿನಿಂದ ನೋಡಿದರೆ ಬರೀ ಆಯತ, ಪಕ್ಕದಿಂದ ನೋಡಿದರೆ ಒಂದು ಓರೆ ಗೆರೆ. ಇಲ್ಲೇ ತುಂಬ ಜನ ಬೀಳುವುದು. ಮೇಲಿನ ನೋಟದಲ್ಲೂ ಓರೆ ಗೆರೆ ಹಾಕಿಬಿಡುತ್ತಾರೆ, ಇಳಿಜಾರು ಇದೆ ಅಂತ ಗೊತ್ತಲ್ಲ, ಅದಕ್ಕೆ. ಕಾಣುವುದನ್ನು ಬಿಟ್ಟು ಗೊತ್ತಿರುವುದನ್ನು ಬಿಡಿಸುತ್ತಾರೆ. ಸೋಪನ್ನು ಕಣ್ಣಿನ ನೇರಕ್ಕೆ ಹಿಡಿಸಿ, ಒಂದು ಕಣ್ಣು ಮುಚ್ಚಿಸಿ ನೋಡಿಸಿದರೆ "ಓ" ಅನ್ನುತ್ತಾರೆ. ಈ ತಪ್ಪನ್ನು ಹುಡುಗರೂ ಅಷ್ಟೇ ಮಾಡುತ್ತಾರೆ, ಆದರೆ ಅವರಲ್ಲಿ ಕೆಲವರು ಧೈರ್ಯವಾಗಿ ಮಾಡಿ ಮುಂದಿನ ಲೆಕ್ಕಕ್ಕೆ ಹೋಗಿಬಿಟ್ಟಿರುತ್ತಾರೆ.

ಯಾಕಂತೆ

ಕೊನೆಯ ವಾಕ್ಯಕ್ಕೆ ನನ್ನ ಆಕ್ಷೇಪ ದಾಖಲಾಗಲಿ.

ಗಂಭೀರವಾಗಿ ಕೇಳುತ್ತೇನೆ. ಸಮಾಜದಿಂದಲೇ ಈ ಅಂತರ ಬರುವುದಾದರೆ, ಗಂಡು ಹೆಣ್ಣು ಸಮಾನವಾಗಿರುವ ದೇಶಗಳಲ್ಲಿ ಅದು ಕಡಿಮೆ ಇರಬೇಕಲ್ಲ?

ನೀಲಿಪೆನ್ಸಿಲ್

ಇರಬೇಕು ಅಂತಲೇ ಎಲ್ಲರೂ ಅಂದುಕೊಂಡಿದ್ದರು. ಉತ್ತರ ಎರಡು ಕಡೆಗೂ ಎಳೆಯುತ್ತದೆ.

ಬಿಬಿಸಿ ಇಂಟರ್‌ನೆಟ್‌ನಲ್ಲಿ ನಡೆಸಿದ ಒಂದು ಸಮೀಕ್ಷೆಯ ಮಾಹಿತಿಯನ್ನು ಲಿಪ್ಪಾ ಮತ್ತು ಸಂಗಡಿಗರು 2010ರಲ್ಲಿ ನೋಡಿದರು. 53 ದೇಶಗಳು, ಆಕಾರ ತಿರುಗಿಸುವ ಪರೀಕ್ಷೆ. ಎಲ್ಲ ದೇಶಗಳಲ್ಲೂ ಗಂಡಸರ ಸರಾಸರಿ ಮುಂದೆ. ಸಮಾನತೆ ಹೆಚ್ಚಿದ್ದ ದೇಶಗಳಲ್ಲಿ ಅಂತರ ದೊಡ್ಡದೇ ಇತ್ತು! ಇದು ನಿಮ್ಮ ಕಡೆಗೆ. 2018ರಲ್ಲಿ ಸೀ ಹೀರೋ ಕ್ವೆಸ್ಟ್ ಅನ್ನುವ ಮೊಬೈಲ್ ಆಟದ ಮಾಹಿತಿ ಬಂತು. ದೋಣಿ ನಡೆಸಿ ದಾರಿ ಹುಡುಕುವ ಆಟ, ಆಡಿದವರು 25 ಲಕ್ಷದಷ್ಟು. ಅಲ್ಲಿ ಉಲ್ಟಾ: ಅಸಮಾನತೆ ಹೆಚ್ಚಿದ್ದ ದೇಶಗಳಲ್ಲೇ ಅಂತರ ದೊಡ್ಡದು. ಒಂದು ಆಕಾರ ತಿರುಗಿಸುವುದು, ಇನ್ನೊಂದು ದಾರಿ ಹುಡುಕುವುದು. ಎರಡನ್ನೂ ಒಂದೇ ಗಂಟಿಗೆ ಕಟ್ಟಿದರೆ ಗೋಜಲಾಗುತ್ತದೆ.

ಈಶಾನ್ಯ ಭಾರತದ ಅಧ್ಯಯನ ಇನ್ನೂ ಸ್ವಾರಸ್ಯ. ಹಾಫ್‌ಮನ್, ನೀಜಿ, ಲಿಸ್ಟ್ 2011ರಲ್ಲಿ ಪ್ರಕಟಿಸಿದ್ದು. ಅಲ್ಲಿನ ಖಾಸಿ ಬುಡಕಟ್ಟಿನವರಲ್ಲಿ ಆಸ್ತಿ ಕಿರಿಯ ಮಗಳಿಗೆ ಹೋಗುತ್ತದೆ. ನೆರೆಯ ಕಾರ್ಬಿಗಳಲ್ಲಿ ಗಂಡುಮಕ್ಕಳಿಗೆ. ಸುಮಾರು 1300 ಜನರಿಗೆ ನಾಲ್ಕು ತುಂಡಿನ ಒಂದು ಪಜಲ್ ಕೊಟ್ಟರು, ಬೇಗ ಜೋಡಿಸಿದವರಿಗೆ ಹಣವೂ ಇತ್ತು. ಕಾರ್ಬಿಗಳಲ್ಲಿ ಗಂಡಸರು ಬೇಗ ಮುಗಿಸಿದರು. ಖಾಸಿಗಳಲ್ಲಿ ಗಂಡು ಹೆಣ್ಣಿನ ನಡುವೆ ಅಂತರ ಕಾಣಲಿಲ್ಲ. ಓದಿದ ವರ್ಷಗಳನ್ನು ಲೆಕ್ಕಕ್ಕೆ ತಂದರೆ ಕಾರ್ಬಿಗಳ ಅಂತರದ ಸುಮಾರು ಮೂರನೇ ಒಂದು ಪಾಲು ಅದರಲ್ಲೇ ವಿವರಿಸಿಹೋಯಿತು. ಒಂದು ಪಜಲ್ ಮಾತ್ರ ಅನ್ನುವುದು ಇದರ ಮಿತಿ, ಅದನ್ನೂ ಹೇಳಿಬಿಡುತ್ತೇನೆ.

ದಾರಿತಪ್ಪಿದವ

ದಾರಿಯ ಮಾತು ಬಂದದ್ದಕ್ಕೆ ಬಂದೆ. ಲಂಡನ್ನಿನ ಟ್ಯಾಕ್ಸಿ ಚಾಲಕರು ಸುಮಾರು 25,000 ಬೀದಿ ಬಾಯಿಪಾಠ ಮಾಡುತ್ತಾರಂತೆ, ಅದರಿಂದ ಅವರ ಮೆದುಳೇ ಬದಲಾಗುತ್ತದಂತೆ. ನಿಜವಾ? ನನಗೆ ಏನಾದರೂ ಭರವಸೆ ಇದೆಯಾ?

ನೀಲಿಪೆನ್ಸಿಲ್

ನಿಜ. ಎಲಿನಾರ್ ಮಗ್ವಾಯರ್ ಅವರ ತಂಡ 2000ದಲ್ಲಿ ತೋರಿಸಿದ್ದು, ಮೆದುಳಿನಲ್ಲಿ ನೆನಪು ಮತ್ತು ದಾರಿಗೆ ಸಂಬಂಧಿಸಿದ ಹಿಪೊಕ್ಯಾಂಪಸ್ ಅನ್ನುವ ಭಾಗ ಇದೆಯಲ್ಲ, ಅದರ ಹಿಂಭಾಗ ಆ ಚಾಲಕರಲ್ಲಿ ದೊಡ್ಡದಿತ್ತು. ಮೊದಲೇ ದೊಡ್ಡದಿದ್ದವರೇ ಈ ಕೆಲಸಕ್ಕೆ ಬಂದಿರಬಹುದಲ್ಲ ಅಂತ ಜನ ಕೇಳಿದರು. ಹಾಗಾಗಿ 2011ರಲ್ಲಿ ತರಬೇತಿಗೆ ಮುಂಚೆ ಮತ್ತು ಆಮೇಲೆ ಅಳೆದರು. ಪರೀಕ್ಷೆ ಪಾಸಾದವರಲ್ಲಿ ಆ ಭಾಗ ಬೆಳೆದಿತ್ತು, ಪಾಸಾಗದವರಲ್ಲಿ ಇಲ್ಲ. ಭರವಸೆ ಇದೆ, ಆದರೆ ಅವರು ವರ್ಷಗಟ್ಟಲೆ ಓದುತ್ತಾರೆ. ಮ್ಯಾಪ್ ಆ್ಯಪ್ ಆಫ್ ಮಾಡಿ ಶುರು ಮಾಡಿ.

ದಾರಿತಪ್ಪಿದವ

ಆಫ್ ಮಾಡುವ ಬಟನ್ ಎಲ್ಲಿದೆ?

ಗೆರೆಗಾರ

:-)

ಮುಂದಿನ ಬ್ಯಾಚಿಗೆ ಹೀಗೆ ಮಾಡೋಣ ಅಂತಿದ್ದೇನೆ. ಮೊದಲ ವಾರದಲ್ಲಿ ಒಂದು ಸಣ್ಣ ಪರೀಕ್ಷೆ, ಸಮಯದ ಮಿತಿ ಇಲ್ಲದೆ. ಕಡಿಮೆ ಬಂದವರಿಗೆಲ್ಲ ವಾರಕ್ಕೊಂದು ಹೆಚ್ಚುವರಿ ಕ್ಲಾಸು, ಸೋಪು, ಕಾಗದ, ಪೆನ್ಸಿಲ್. ಕೊನೆಯಲ್ಲಿ ಮತ್ತೆ ಪರೀಕ್ಷೆ. ಯಾಕಂತೆ ಅವರೇ, ಇದರಲ್ಲಿ ತೂತು ಎಲ್ಲಿದೆ ಹೇಳಿ.

ಯಾಕಂತೆ

ಎರಡು ಕಡೆ ಇದೆ. ಒಂದು, ಅದೇ ಪರೀಕ್ಷೆ ಎರಡನೇ ಸಲ ಬರೆದರೆ ಸುಮ್ನೆ ಬರೆದದ್ದಕ್ಕೇ ಅಂಕ ಏರುತ್ತದೆ. ಹೆಚ್ಚುವರಿ ಕ್ಲಾಸಿಗೆ ಬಾರದವರಿಗೂ ಕೊನೆಯ ಪರೀಕ್ಷೆ ಕೊಡಿ, ಅವರು ಎಷ್ಟು ಏರಿದರು ನೋಡಿ. ಎರಡು, ತೀರಾ ಕಡಿಮೆ ಬಂದವರು ಎರಡನೇ ಸಲ ಏನೂ ಮಾಡದಿದ್ದರೂ ಸ್ವಲ್ಪ ಮೇಲೆ ಬರುತ್ತಾರೆ. ಅವತ್ತು ನಿದ್ದೆಗೆಟ್ಟು ಬಂದವರೂ ಅದರಲ್ಲಿರುತ್ತಾರೆ. ಗಡಿಯ ಹತ್ತಿರ ಅಂಕ ಬಂದವರಲ್ಲಿ ಅರ್ಧದಷ್ಟು ಜನರಿಗೆ ಈ ಸೆಮಿಸ್ಟರ್, ಉಳಿದವರಿಗೆ ಮುಂದಿನ ಸೆಮಿಸ್ಟರ್ ಕ್ಲಾಸು ಕೊಟ್ಟರೆ ಹೋಲಿಸಲು ಒಂದು ಗುಂಪು ಸಿಗುತ್ತದೆ.

ನೀಲಿಪೆನ್ಸಿಲ್

ಇಷ್ಟು ಹೊತ್ತು ಜಗಳ ಮಾಡಿ ಇಷ್ಟು ಒಳ್ಳೆಯ ಸಲಹೆ ಕೊಟ್ಟಿದ್ದೀರಲ್ಲ! ನನ್ನದೊಂದು ಸೇರಿಸುತ್ತೇನೆ. ಕನ್ನಡಿ ಬಿಂಬದ ಪ್ರಶ್ನೆಗಳನ್ನೂ ಬರೀ ತಿರುಗಿಸುವ ಪ್ರಶ್ನೆಗಳನ್ನೂ ಬೇರೆ ಬೇರೆ ಎಣಿಸಿ. ಖಾಲಿ ಬಿಟ್ಟದ್ದನ್ನೂ ತಪ್ಪು ಬರೆದದ್ದನ್ನೂ ಒಂದೇ ಸೊನ್ನೆಗೆ ಸೇರಿಸಬೇಡಿ. ಖಾಲಿ ಬಿಟ್ಟವರಿಗೆ ಬೇಕಾದ ಪಾಠ ಬೇರೆ.

ಕತ್ತರಿ ಕೈ

ತೋಳಿನ ಪೇಪರ್ ಅಳತೆ ಕಳಿಸುತ್ತೇನೆ ಸರ್. ಎದೆಯ ಕಡೆಗೆ ಒಂದು ಕಚ್ಚು ಹಾಕಿರುತ್ತೇನೆ. ಮಕ್ಕಳಿಗೆ ಮೊದಲ ಸಲ ಅದನ್ನು ತೋರಿಸಬೇಡಿ.